ಅಲ್ಲಿ ಕೂತರೆ ಬರುತ್ತದೆ, ಇಲ್ಲಿಂದ ಕರೆದರೆ ಬರುವುದಿಲ್ಲ: ಲಿನಕ್ಸ್‌ನಲ್ಲಿ ಕ್ಯಾಮೆರಾದ ಯುಎಸ್‌ಬಿ ಅನುಮತಿ ದೋಷ ನಿವಾರಣೆ

ಕಾಫಿ ಹೂವಿಗೆ ಆಯಸ್ಸು ಕಡಿಮೆ. ಹೂಮಳೆ ಬಿದ್ದು ವಾರ, ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಮೂರ್ನಾಲ್ಕು ದಿನ ಕಳೆದರೆ ಆ ಬಿಳುಪೆಲ್ಲ ಕಂದಾಗಿ ಉದುರುತ್ತದೆ. ಗೋಣಿಕೊಪ್ಪದ ಹತ್ತಿರ ನಮ್ಮ ಅಕ್ಕನ ಮನೆ. ಕಿಟಕಿ ತೆರೆದರೆ ಎದುರಿಗೇ ರೋಬಸ್ಟಾ ಗಿಡಗಳು. ಮೊಗ್ಗು ಬಿರಿಯುವುದನ್ನು ಹತ್ತು ನಿಮಿಷಕ್ಕೊಂದು ಫೋಟೋದಂತೆ ಹಿಡಿಯಬೇಕು ಅಂತ ಅಕ್ಕನ ಮಗನಿಗೆ ಆಸೆ. ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಸುಮ್ನೆ ಬಿದ್ದಿತ್ತು. ಅದಕ್ಕೆ ಲಿನಕ್ಸ್ ಹಾಕಿದೆವು. ಕಿಟಕಿ, ಐಕಾನ್ ಏನೂ ಇಲ್ಲದ ಬರೀ ಕಪ್ಪು ಪರದೆಯ ಲಿನಕ್ಸ್. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂರಿಸಿ ಯುಎಸ್‌ಬಿ ಕೇಬಲ್ ಹಾಕಿದೆವು. ನಾನು ಮಡಿಕೇರಿಯಲ್ಲಿರುವುದರಿಂದ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ನೆಟ್‌ವರ್ಕ್ ಮೂಲಕ ಲಾಗಿನ್ ಆಗಿ ಆದೇಶ ಕೊಡುವ ದಾರಿ) ಮೂಲಕ ನೋಡಿಕೊಳ್ಳುವುದು ಅಂತ ಮಾತಾಯಿತು.

ಮೊದಲ ದಿನ ಚೆನ್ನಾಗಿ ನಡೆಯಿತು. ಆ ರಾತ್ರಿ ಗುಡುಗು ಬಂದು ಕರೆಂಟ್ ಹೋಯಿತು. ಬೆಳಗ್ಗೆ ಕಂಪ್ಯೂಟರ್ ತಾನಾಗಿ ಎದ್ದಿತ್ತು, ಆದರೆ ನಾನು ಇಲ್ಲಿಂದ ಎಷ್ಟು ಸಲ ಆದೇಶ ಕೊಟ್ಟರೂ ಒಂದು ಫೋಟೋ ಇಲ್ಲ. ಹುಡುಗನಿಗೆ ಫೋನ್ ಮಾಡಿದೆ.

"ಮಾವ, ನಾನು ಲಾಗಿನ್ ಆಗಿ ನೋಡಿದೆ. ಸರಿಯಾಗೇ ಬರ್ತಿದೆ ಅಲ್ವಾ?"

ನಿಜ, ಅವನು ಅಲ್ಲಿ ಲಾಗಿನ್ ಆಗಿದ್ದಾಗ ನನಗೂ ಬಂತು. ಅವನು ಲಾಗ್‌ಔಟ್ ಮಾಡಿ ಕಾಲೇಜಿಗೆ ಹೋದ, ಮತ್ತೆ ನಿಂತಿತು. ಇಬ್ಬರದ್ದೂ ಒಂದೇ ಖಾತೆ, ಒಂದೇ ಪಾಸ್‌ವರ್ಡ್. ಕೇಬಲ್ ಮೇಲೆ ಅನುಮಾನ ಪಟ್ಟು ಎರಡು ದಿನ ಕಳೆದೆ. ಆ ಎರಡು ದಿನದಲ್ಲಿ ಹೂ ಅರಳಿ ಮುಗಿಯಿತು. ಬೇರೆಯವರ ಎರಡು ದಿನ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಚಿಕ್ಕ ಅಕ್ಷರಗಳಲ್ಲಿ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಮೊದಲು ಕೇಬಲ್ಲು, ಆಮೇಲೆ ಅನುಮತಿ

ಅನುಮತಿಯ ತನಿಖೆಗೆ ಇಳಿಯುವ ಮೊದಲು ಕಂಪ್ಯೂಟರ್‌ಗೆ ಕ್ಯಾಮೆರಾ ಕಾಣುತ್ತಿದೆಯಾ ನೋಡಬೇಕು. ಕ್ಯಾಮೆರಾ ಆನ್ ಮಾಡಿ, "ಎಲ್‌ಎಸ್‌ಯುಎಸ್‌ಬಿ" ಎಂದು ಕೊಡಿ. ಕ್ಯಾಮೆರಾ ಕಂಪನಿಯ ಹೆಸರಿರುವ ಸಾಲು ಬರಬೇಕು. ಆ ಸಾಲಿನಲ್ಲಿ ಬಸ್ ಸಂಖ್ಯೆ, ಡಿವೈಸ್ ಸಂಖ್ಯೆ, ಆಮೇಲೆ ಕೋಲನ್‌ನ ಆಚೆ ಈಚೆ ಎರಡು ಗುರುತು ಸಂಖ್ಯೆ ಇರುತ್ತವೆ. ಮೊದಲನೆಯದು ಕಂಪನಿಯದು: ಕ್ಯಾನನ್‌ಗೆ 04ಎ9, ನಿಕಾನ್‌ಗೆ 04ಬಿ0, ಸೋನಿಗೆ 054ಸಿ. ಎರಡನೆಯದು ಆ ಮಾಡೆಲ್‌ನದು. ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಾಲೇ ಬರದಿದ್ದರೆ ಅದು ಅನುಮತಿಯ ತೊಂದರೆ ಅಲ್ಲ. ಮೊಬೈಲ್ ಚಾರ್ಜರ್ ಜೊತೆ ಬರುವ ಕೆಲವು ಕೇಬಲ್‌ಗಳಲ್ಲಿ ಕರೆಂಟಿನ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರುವುದಿಲ್ಲ. ಬೇರೆ ಕೇಬಲ್ ಹಾಕಿ ನೋಡಿ. ಕೆಲವು ಕ್ಯಾಮೆರಾಗಳು ವೈ-ಫೈ ಆನ್ ಇದ್ದರೆ ಯುಎಸ್‌ಬಿಗೆ ಉತ್ತರ ಕೊಡುವುದಿಲ್ಲ, ಅದನ್ನು ಆಫ್ ಮಾಡಿ. "ಡಿಮೆಸೆಜ್" ಎನ್ನುವಂತೆ ಓದುವ ಆದೇಶ ಒಂದಿದೆ. ಅಕ್ಷರಗಳು ಡಿ, ಎಂ, ಇ, ಎಸ್, ಜಿ. ಅದನ್ನು ಸುಡೋ ಜೊತೆ, ಅಂದರೆ ಆದೇಶದ ಆರಂಭಕ್ಕೆ ಸುಡೋ ಸೇರಿಸಿ ಯಂತ್ರದ ಪೂರ್ಣ ಹಕ್ಕಿನಲ್ಲಿ, ಓಡಿಸಿ ಕೊನೆಯ ಸಾಲುಗಳನ್ನು ನೋಡಿ. ಅಲ್ಲಿ ಮೈನಸ್ 71 ಅಥವಾ ಮೈನಸ್ 110 ಎಂಬ ಎರರ್ ಮತ್ತೆ ಮತ್ತೆ ಬಂದರೆ ಕೇಬಲ್, ಪೋರ್ಟ್ ಅಥವಾ ಹಬ್ ಮೇಲೆ ಅನುಮಾನ ಪಡಿ. ನಮ್ಮ ಕಡೆ ಇದು ಸಾಮಾನ್ಯ. ಕಕ್ಕಡ ತಿಂಗಳ ಮಳೆಯಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಇನ್ನು ಕ್ಯಾಮೆರಾದ ಸಣ್ಣ ಪೋರ್ಟ್ ಎಷ್ಟು ತಡೆದೀತು? ಪ್ಲಗ್ಗಿನ ತುದಿಯಲ್ಲಿ ಹಸಿರು ಕಂಡರೆ ಕೇಬಲ್ ಬದಲಾಯಿಸಿ. ಮಳೆಗಾಲ ಮುಗಿಯುವವರೆಗೆ ಕ್ಯಾಮೆರಾವನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡುವುದು ಲೆನ್ಸಿಗೂ ಒಳ್ಳೆಯದು.

ಸಾಲು ಬಂದರೂ ಫೋಲ್ಡರ್ ಕಾಣದಿದ್ದರೆ ಕ್ಯಾಮೆರಾದ ಮೆನುವಿನಲ್ಲಿ ಯುಎಸ್‌ಬಿ ವಿಧಾನ ಏನಿದೆ ನೋಡಿ. ಮಾಸ್ ಸ್ಟೋರೇಜ್ ಇದ್ದರೆ ಪೆನ್‌ಡ್ರೈವ್ ಥರ ಡಿಸ್ಕ್ ಆಗಿ ಬರುತ್ತದೆ. ಅದರ ಅನುಮತಿಯ ದಾರಿ ಬೇರೆ. ಪಿಟಿಪಿ (ಫೋಟೋ ವರ್ಗಾಯಿಸುವ ವಿಧಾನ) ಇದ್ದರೆ ಡಿಸ್ಕ್ ಆಗಿ ಬರುವುದೇ ಇಲ್ಲ. ಕಂಪ್ಯೂಟರ್ ಕೇಳಬೇಕು, ಕ್ಯಾಮೆರಾ ಉತ್ತರ ಕೊಡಬೇಕು. ಲಿನಕ್ಸ್‌ನಲ್ಲಿ ಈ ಮಾತುಕತೆಯನ್ನು ಮಾಡುವುದು ಲಿಬ್‌ಜಿಫೋಟೋ2 ಎಂಬ ತಂತ್ರಾಂಶ. ಆದೇಶ ಟೈಪ್ ಮಾಡಿ ಅದನ್ನು ಬಳಸುವ ಪ್ರೋಗ್ರಾಂ ಜಿಫೋಟೋ2. ಡಿಜಿಕ್ಯಾಮ್, ಡಾರ್ಕ್‌ಟೇಬಲ್ ಕೂಡ ಒಳಗೆ ಇದನ್ನೇ ಬಳಸುತ್ತವೆ. ಮುಂದೆ ಹೇಳುವುದೆಲ್ಲ ಪಿಟಿಪಿ ಕ್ಯಾಮೆರಾಗಳ ವಿಷಯ.

ಕಾರ್ಡಿನಲ್ಲಿರುವ ಫೋಟೋ ಮಾತ್ರ ಬೇಕು ಅನ್ನುವವರು ಕಾರ್ಡ್ ತೆಗೆದು ರೀಡರ್‌ಗೆ ಹಾಕಿ ಮುಗಿಸಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಕ್ಯಾಮೆರಾವನ್ನು ಕಂಪ್ಯೂಟರಿನಿಂದಲೇ ಕ್ಲಿಕ್ ಮಾಡಿಸಬೇಕು ಅನ್ನುವವರಿಗೆ ಆ ದಾರಿ ಇಲ್ಲ.

ಒಂದೇ ಎರರ್, ಎರಡು ಕಾರಣ

"ಜಿಫೋಟೋ2 --ಆಟೋ-ಡಿಟೆಕ್ಟ್" ಕೊಟ್ಟೆ. ಕ್ಯಾಮೆರಾದ ಹೆಸರು ಬಂತು. ನಾನು ಇಲ್ಲಿಯೇ ದಾರಿ ತಪ್ಪಿದೆ. ಹೆಸರು ಬಂತು ಅಂದರೆ ಅನುಮತಿಯೂ ಇದೆ ಅಂತ ತಿಳಿದೆ. ಹಾಗಲ್ಲ. ಗುರುತು ಸಂಖ್ಯೆಗಳನ್ನು ಓದುವುದಕ್ಕೆ ವಿಶೇಷ ಹಕ್ಕು ಬೇಕಿಲ್ಲ, ಯಾರು ಬೇಕಾದರೂ ಓದಬಹುದು. ನಿಜವಾದ ಪರೀಕ್ಷೆ "ಜಿಫೋಟೋ2 --ಸಮರಿ" (ಸಾರಾಂಶ ಎಂಬರ್ಥದ ಇಂಗ್ಲಿಷ್ ಪದ). ಇದು ಕ್ಯಾಮೆರಾವನ್ನು ತೆರೆದು ಅದರೊಡನೆ ಮಾತಾಡುತ್ತದೆ. ನನಗೆ ಇಲ್ಲಿ ಮೈನಸ್ 53 ಬಂತು. "ಕುಡ್ ನಾಟ್ ಕ್ಲೇಮ್ ದಿ ಯುಎಸ್‌ಬಿ ಡಿವೈಸ್" ಎನ್ನುವ ಮಾತು.

ಅದರ ಜೊತೆ ಬರುವ ಉದ್ದದ ವಾಕ್ಯವನ್ನು ಪೂರ್ತಿ ಓದಿ. ಬೇರೆ ಯಾವುದೋ ಪ್ರೋಗ್ರಾಂ ಕ್ಯಾಮೆರಾವನ್ನು ಹಿಡಿದುಕೊಂಡಿದೆಯಾ ನೋಡಿ, ಓದುವ ಬರೆಯುವ ಹಕ್ಕು ನಿಮಗಿದೆಯಾ ನೋಡಿ ಎಂದು ಎರಡನ್ನೂ ಒಟ್ಟಿಗೆ ಹೇಳುತ್ತದೆ. ಎರಡು ಬೇರೆ ಬೇರೆ ಕಾಯಿಲೆಗೆ ಒಂದೇ ಜ್ವರ ಇದ್ದ ಹಾಗೆ. ಯಾವುದು ಎಂದು ತಿಳಿಯದೆ ಮದ್ದು ಕೊಡಬಾರದು.

ಬೇರ್ಪಡಿಸುವುದು ಸುಲಭ. ಅದೇ ಸಮರಿ ಆದೇಶವನ್ನು ಒಂದೇ ಒಂದು ಸಲ ಸುಡೋ ಜೊತೆ ಕೊಡಿ. ಸುಡೋದಲ್ಲಿ ಬಂತು, ಇಲ್ಲದೆ ಬರಲಿಲ್ಲ ಅಂದರೆ ಅನುಮತಿಯೇ ಕಾರಣ. ಸುಡೋದಲ್ಲೂ ಅದೇ ಮೈನಸ್ 53 ಬಂದರೆ ಬೇರೆ ಯಾರೋ ಹಿಡಿದಿದ್ದಾರೆ.

ಸುಡೋ ಇಲ್ಲಿ ಪರೀಕ್ಷೆಗೆ ಮಾತ್ರ. ಅದರಲ್ಲಿ ಕೆಲಸ ಆಗುತ್ತದಲ್ಲ, ಹಾಗೇ ಇರಲಿ ಅಂತ ದಯವಿಟ್ಟು ಬಿಡಬೇಡಿ. ನಮ್ಮ ಹುಡುಗ ಒಂದು ದಿನ ಹಾಗೆ ಸುಡೋದಲ್ಲೇ ಫೋಟೋಗಳನ್ನು ಇಳಿಸಿದ. ಆ ಫೋಟೋಗಳಿಗೆಲ್ಲ ರೂಟ್ (ಯಂತ್ರದ ಪೂರ್ಣ ಹಕ್ಕಿರುವ ಖಾತೆ) ಒಡೆಯನಾಗಿ ಕೂತ. ಹೆಸರು ಬದಲಾಯಿಸಲು, ತಿದ್ದಿ ಉಳಿಸಲು ಆಗಲಿಲ್ಲ. ಸರಿ ಮಾಡಲು ಆ ಫೋಲ್ಡರ್ ಮೇಲೆ "ಸುಡೋ ಚೌನ್ -ಆರ್" ಓಡಿಸಿ ಅವನ ಖಾತೆಯ ಹೆಸರು ಕೊಡಬೇಕಾಯಿತು. ಒಡೆಯನನ್ನು ಬದಲಾಯಿಸುವ ಈ ಚೌನ್‌ನ ಅಕ್ಷರಗಳು ಸಿ, ಎಚ್, ಒ, ಡಬ್ಲ್ಯೂ, ಎನ್. ಇಲ್ಲಿ ಆರ್ ದೊಡ್ಡಕ್ಷರ.

ಬಾಗಿಲಿನ ಬೀಗ ನೋಡುವುದು

ಲಿನಕ್ಸ್‌ನಲ್ಲಿ ಯುಎಸ್‌ಬಿಗೆ ಹಾಕಿದ ಪ್ರತಿ ಸಾಧನಕ್ಕೂ ಒಂದು ಫೈಲ್ ಇರುತ್ತದೆ. ಬಸ್ 001, ಡಿವೈಸ್ 007 ಆದರೆ ಅದರ ದಾರಿ /ಡೆವ್/ಬಸ್/ಯುಎಸ್‌ಬಿ/001/007. ಈ ಫೈಲಿನ ಮೇಲೆ ನಿಮಗೆ ಬರೆಯುವ ಹಕ್ಕಿದ್ದರೆ ಕ್ಯಾಮೆರಾ ನಿಮ್ಮ ಮಾತು ಕೇಳುತ್ತದೆ. "ಎಲ್‌ಎಸ್ -ಎಲ್" ಕೊಟ್ಟು ಆ ಫೈಲನ್ನು ನೋಡಿ. ಸಾಮಾನ್ಯವಾಗಿ ಒಡೆಯ ರೂಟ್, ಗುಂಪು ರೂಟ್ ಇರುತ್ತದೆ. ಎದುರಿನ ಅಕ್ಷರಗಳಲ್ಲಿ ಮೊದಲ ಇಬ್ಬರಿಗೆ ಆರ್ ಮತ್ತು ಡಬ್ಲ್ಯೂ, ಉಳಿದವರಿಗೆ ಆರ್ ಮಾತ್ರ. ನೀವು ಆ ಉಳಿದವರು. ಓದಬಹುದು, ಬರೆಯುವ ಹಾಗಿಲ್ಲ. ಕ್ಯಾಮೆರಾವನ್ನು ಹಿಡಿಯಲು ಬರೆಯುವ ಹಕ್ಕೇ ಬೇಕು.

ಹಾಗಾದರೆ ಮಾಮೂಲಿ ಲ್ಯಾಪ್‌ಟಾಪ್‌ನಲ್ಲಿ ಯಾರೂ ಏನೂ ಮಾಡದೆ ಕ್ಯಾಮೆರಾ ಬರುತ್ತದಲ್ಲ, ಅದು ಹೇಗೆ? ಆ ಅಕ್ಷರಗಳ ಕೊನೆಯಲ್ಲಿ ಒಂದು ಪ್ಲಸ್ ಚಿಹ್ನೆ ಇದೆಯಾ ನೋಡಿ. ಪ್ಲಸ್ ಇದ್ದರೆ ಆ ಫೈಲಿಗೆ ಹೆಚ್ಚುವರಿ ಅನುಮತಿ ಪಟ್ಟಿ ಒಂದಿದೆ ಎಂದರ್ಥ. "ಗೆಟ್‌ಎಫ್‌ಎಸಿಎಲ್" ಆದೇಶಕ್ಕೆ ಆ ಫೈಲಿನ ದಾರಿ ಕೊಟ್ಟರೆ ಪಟ್ಟಿ ಕಾಣುತ್ತದೆ. ಅದರಲ್ಲಿ ನಿಮ್ಮ ಖಾತೆಯ ಹೆಸರು, ಎದುರಿಗೆ ಆರ್‌ಡಬ್ಲ್ಯೂ ಇರುತ್ತದೆ.

ಈ ಹೆಸರನ್ನು ಸೇರಿಸುವುದು ಯುಡೆವ್ (ಸಾಧನಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ಮತ್ತು ಸಿಸ್ಟಮ್‌ಡಿ-ಲಾಗಿನ್‌ಡಿ (ಲಾಗಿನ್‌ಗಳ ಲೆಕ್ಕ ಇಡುವ ಪ್ರೋಗ್ರಾಂ) ಸೇರಿ. ಸಾಧನ ಹಾಕಿದ ಕೂಡಲೇ ಯುಡೆವ್ ತನ್ನ ನಿಯಮಗಳ ಫೈಲ್‌ಗಳನ್ನು ಹೆಸರಿನ ಸಂಖ್ಯೆಯ ಕ್ರಮದಲ್ಲಿ ಓದುತ್ತದೆ. 70ರ ಸಂಖ್ಯೆಯ ಯುಆಕ್ಸೆಸ್ ಫೈಲಿನಲ್ಲಿ ಕ್ಯಾಮೆರಾಗಳಿಗೆ ಯುಆಕ್ಸೆಸ್ ಎಂಬ ಗುರುತು ಅಂಟಿಸುತ್ತದೆ. 73ರ ಸಂಖ್ಯೆಯ ಫೈಲಿನಲ್ಲಿ ಆ ಗುರುತು ನೋಡಿ, ಈಗ ಯಂತ್ರದ ಮುಂದೆ ಕೂತವರು ಯಾರೋ ಅವರಿಗೆ ಅನುಮತಿ ಬರೆಯುತ್ತದೆ.

ನನ್ನ ಎರಡು ದಿನದ ಒಗಟು ಬಿಡಿಸಿದ್ದು ಇದೇ ಮಾತು. ಯಂತ್ರದ ಮುಂದೆ ಕೂತವರಿಗೆ. ಈ ವ್ಯವಸ್ಥೆ ನೋಡುವುದು ಖಾತೆ ಯಾರದ್ದು ಎಂದಷ್ಟೇ ಅಲ್ಲ, ಆ ಯಂತ್ರದ ಕೀಬೋರ್ಡ್, ಪರದೆಯಲ್ಲಿ ಈಗ ಯಾರು ಇದ್ದಾರೆ ಎಂದು. ಹುಡುಗ ಅಲ್ಲಿ ಲಾಗಿನ್ ಆದ ಕೂಡಲೇ ಅವನ ಖಾತೆಗೆ ಹಕ್ಕು ಬಂತು. ನಾನೂ ಅದೇ ಖಾತೆಯಲ್ಲಿದ್ದೆ, ಅದಕ್ಕೇ ನನಗೂ ಬಂತು. ಅವನು ಲಾಗ್‌ಔಟ್ ಆದಾಗ ಹಕ್ಕು ವಾಪಸ್ ಹೋಯಿತು. ಮೊದಲ ದಿನ ಚೆನ್ನಾಗಿ ನಡೆದದ್ದೂ ಅದಕ್ಕೇ: ಜೋಡಿಸಿ ಮುಗಿದ ಮೇಲೆ ನಾವು ಲಾಗ್‌ಔಟ್ ಮಾಡಿರಲೇ ಇಲ್ಲ. ಕರೆಂಟ್ ಹೋಗಿ ಬಂದ ಮೇಲೆ ಅಲ್ಲಿ ಯಾರೂ ಲಾಗಿನ್ ಆಗಿರಲಿಲ್ಲ.

ನಿಮ್ಮದೂ ಇದೇನಾ ಎಂದು ತಿಳಿಯಲು "ಲಾಗಿನ್‌ಸಿಟಿಎಲ್" ಕೊಡಿ. ಪ್ರತಿ ಸೆಷನ್‌ಗೂ ಒಂದು ಸಾಲು ಬರುತ್ತದೆ. ಯಂತ್ರದ ಮುಂದೆ ಇರುವವರ ಸಾಲಿನಲ್ಲಿ ಸೀಟ್0 ಎಂದಿರುತ್ತದೆ. ಎಸ್‌ಎಸ್‌ಎಚ್‌ನಲ್ಲಿ ಬಂದವರ ಸಾಲಿನಲ್ಲಿ ಸೀಟ್ ಇರುವುದಿಲ್ಲ. ಸೀಟ್ ಇಲ್ಲ, ಪ್ಲಸ್ ಇಲ್ಲ ಅಂದರೆ ಉತ್ತರ ಸಿಕ್ಕಿತು. ಒಂದೇ ಲ್ಯಾಪ್‌ಟಾಪ್‌ನಲ್ಲಿ ಇಬ್ಬರ ಖಾತೆ ಇದ್ದು, ಲಾಗ್‌ಔಟ್ ಮಾಡದೆ ಬಳಕೆದಾರರನ್ನು ಬದಲಾಯಿಸಿದಾಗಲೂ ಹೀಗೇ. ಹಿಂದೆ ಸರಿದವರ ಕೆಲಸಕ್ಕೆ ಕ್ಯಾಮೆರಾ ಸಿಗುವುದಿಲ್ಲ.

ಸೀಟ್ ಇದೆ, ಆದರೂ ಪ್ಲಸ್ ಇಲ್ಲ ಎಂದಾದರೆ ಯುಡೆವ್‌ಗೆ ಅದು ಕ್ಯಾಮೆರಾ ಅಂತ ಗೊತ್ತಾಗಿಲ್ಲ. "ಯುಡೆವ್‌ಎಡಿಎಂ ಇನ್ಫೋ" ಆದೇಶಕ್ಕೆ ಆ ಫೈಲಿನ ದಾರಿ ಕೊಡಿ. ಬರುವ ಸಾಲುಗಳಲ್ಲಿ ಐಡಿ_ಜಿಫೋಟೋ2 ಇದೆಯಾ, ಅಥವಾ ಇಂಟರ್‌ಫೇಸ್‌ಗಳ ಸಾಲಿನಲ್ಲಿ 060101 ಇದೆಯಾ ಹುಡುಕಿ. ಅದು ಪಿಟಿಪಿ ಕ್ಯಾಮೆರಾದ ಗುರುತು. ಎರಡೂ ಇಲ್ಲದಿದ್ದರೆ ಕ್ಯಾಮೆರಾ ಬೇರೆ ವಿಧಾನದಲ್ಲಿದೆ, ಇಲ್ಲವೇ ಲಿಬ್‌ಜಿಫೋಟೋ2 ಹಳೆಯದಾಗಿ ಹೊಸ ಮಾಡೆಲ್ ಅದಕ್ಕೆ ತಿಳಿದಿಲ್ಲ. ಸಿಸ್ಟಮ್ ಅಪ್‌ಡೇಟ್ ಮಾಡಿ ನೋಡಿ.

ಚಮಾಡ್ ಯಾಕೆ ನಿಲ್ಲುವುದಿಲ್ಲ

ಆ ಫೈಲಿಗೆ ಚಮಾಡ್ 666 ಕೊಡಿ, ಅಂದರೆ ಎಲ್ಲರಿಗೂ ಓದುವ ಬರೆಯುವ ಹಕ್ಕು ಕೊಡಿ, ಅಂತ ಬಹಳ ಜನ ಹೇಳುತ್ತಾರೆ. ಕೊಟ್ಟರೆ ಆ ಹೊತ್ತಿಗೆ ಕೆಲಸ ಆಗುತ್ತದೆ. ಆದರೆ ಈ ಫೈಲ್ ಡಿಸ್ಕಿನಲ್ಲಿ ಇರುವಂಥದ್ದಲ್ಲ. ಕ್ಯಾಮೆರಾ ಕಿತ್ತರೆ ಹೋಗುತ್ತದೆ, ಹಾಕಿದರೆ ಹೊಸದಾಗಿ ಹುಟ್ಟುತ್ತದೆ. ಡಿವೈಸ್ ಸಂಖ್ಯೆಯೂ ಬದಲಾಗುತ್ತದೆ, 007 ಇದ್ದದ್ದು 008 ಆಗುತ್ತದೆ. ಕ್ಯಾಮೆರಾ ತಾನಾಗಿ ಆಫ್ ಆಗಿ ಎದ್ದರೂ ಅಷ್ಟೇ. ಅದಕ್ಕೇ ಪ್ರತಿ ಸಲ ಪರೀಕ್ಷೆಗೆ ಮುಂಚೆ ಎಲ್‌ಎಸ್‌ಯುಎಸ್‌ಬಿ ಮತ್ತೆ ನೋಡಬೇಕು. ಹಳೆಯ ಸಂಖ್ಯೆ ಹಿಡಿದು ಹುಡುಕಿದರೆ ಫೈಲೇ ಇಲ್ಲ ಎನ್ನುತ್ತದೆ. ಕ್ಯಾಮೆರಾದ ಮೆನುವಿನಲ್ಲಿ ಆಟೋ ಪವರ್ ಆಫ್ ಅನ್ನು ತೆಗೆದು ಹಾಕಿ.

ಬಾಳುವ ಪರಿಹಾರ ಒಂದೇ, ಯುಡೆವ್‌ಗೆ ನಮ್ಮದೇ ನಿಯಮ ಕೊಡುವುದು. ಯಂತ್ರದ ಮುಂದೆ ಯಾರಿದ್ದರೂ, ಯಾರೂ ಇಲ್ಲದಿದ್ದರೂ ಒಂದು ಗುಂಪಿಗೆ ಹಕ್ಕು ಇರಲಿ ಎನ್ನುವ ನಿಯಮ.

ಮೊದಲು ಗುಂಪು ಮಾಡಿ: "ಸುಡೋ ಗ್ರೂಪ್‌ಆಡ್ -ಆರ್ ಕ್ಯಾಮೆರಾ". ಇಲ್ಲಿ ಚಿಕ್ಕ ಆರ್. ಅದು ಸಿಸ್ಟಮ್ ಗುಂಪು ಎಂದು ಹೇಳುತ್ತದೆ. ಆಮೇಲೆ ನಿಮ್ಮ ಖಾತೆಯನ್ನು ಸೇರಿಸಿ: "ಸುಡೋ ಯೂಸರ್‌ಮಾಡ್ -ಎಜಿ ಕ್ಯಾಮೆರಾ", ಅದರ ಮುಂದೆ ಖಾತೆಯ ಹೆಸರು. ಇದರಲ್ಲಿ ಎ ಚಿಕ್ಕದು, ಜಿ ದೊಡ್ಡದು. ಆ ಚಿಕ್ಕ ಎ ಬಿಟ್ಟರೆ ನಿಮ್ಮ ಖಾತೆ ಉಳಿದ ಹೆಚ್ಚುವರಿ ಗುಂಪುಗಳಿಂದೆಲ್ಲ ಹೊರಬೀಳುತ್ತದೆ, ಸುಡೋ ಗುಂಪಿನಿಂದಲೂ. ಆಮೇಲೆ ಸುಡೋ ಕೂಡ ಕೊಡಲಾಗದೆ ಕೂರಬೇಕಾಗುತ್ತದೆ. ಎಂಟರ್ ಒತ್ತುವ ಮೊದಲು ಆ ಸಾಲನ್ನು ಇನ್ನೊಮ್ಮೆ ಓದಿ.

ನಿಯಮದ ಫೈಲ್ /ಇಟಿಸಿ/ಯುಡೆವ್/ರೂಲ್ಸ್.ಡಿ ಒಳಗೆ ಇರಬೇಕು. ಹೆಸರು ಸಂಖ್ಯೆಯಿಂದ ಶುರುವಾಗಿ ಚುಕ್ಕಿ ರೂಲ್ಸ್ ಎಂದು ಮುಗಿಯಬೇಕು. ನಾನು ಕೊಟ್ಟದ್ದು 60-ತೋಟ.ರೂಲ್ಸ್. ಈ 60ಕ್ಕೆ ಕಾರಣ ಇದೆ. ಎಲ್ಲ ಯುಎಸ್‌ಬಿ ಸಾಧನಕ್ಕೂ 0664 ಎಂಬ ಮಾಮೂಲಿ ಅನುಮತಿ ಕೊಡುವ ಫೈಲಿನ ಸಂಖ್ಯೆ 50. ನಿಮ್ಮದು ಅದಕ್ಕಿಂತ ಮೊದಲು ಬಂದರೆ ನೀವು ಬರೆದ ಅನುಮತಿಯ ಮೇಲೆ ಅದು ತನ್ನದನ್ನು ಬರೆಯುತ್ತದೆ. ಯುಆಕ್ಸೆಸ್ ಗುರುತನ್ನು ನೀವೇ ಅಂಟಿಸುವುದಾದರೆ 73ಕ್ಕಿಂತ ಮೊದಲೇ ಇರಬೇಕು. ಹಳೆಯ ಬರಹಗಳಲ್ಲಿ 99 ಎಂದು ಇರುತ್ತದೆ. ಗುಂಪಿನ ನಿಯಮಕ್ಕೆ ಅದು ನಡೆಯುತ್ತದೆ, ಯುಆಕ್ಸೆಸ್‌ಗೆ ನಡೆಯುವುದಿಲ್ಲ. 50ಕ್ಕೂ 73ಕ್ಕೂ ನಡುವೆ ಇಟ್ಟರೆ ಎರಡಕ್ಕೂ ಸರಿ.

ಒಳಗೆ ಒಂದೇ ಸಾಲು. ಅದರಲ್ಲಿ ಐದು ತುಂಡು, ನಡುವೆ ಅಲ್ಪವಿರಾಮ. ಸಬ್‌ಸಿಸ್ಟಮ್ ಎರಡು ಸಮಚಿಹ್ನೆ "ಯುಎಸ್‌ಬಿ". ಎಟಿಟಿಆರ್, ಹೂಬ್ರಾಕೆಟ್ಟಿನೊಳಗೆ ಐಡಿವೆಂಡರ್, ಎರಡು ಸಮಚಿಹ್ನೆ, ಚೀಟಿಯಲ್ಲಿ ಬರೆದ ಕಂಪನಿಯ ಸಂಖ್ಯೆ. ಎಟಿಟಿಆರ್, ಹೂಬ್ರಾಕೆಟ್ಟಿನೊಳಗೆ ಐಡಿಪ್ರಾಡಕ್ಟ್, ಎರಡು ಸಮಚಿಹ್ನೆ, ಮಾಡೆಲ್ ಸಂಖ್ಯೆ. ಮೋಡ್ ಒಂದು ಸಮಚಿಹ್ನೆ "0660". ಗ್ರೂಪ್ ಒಂದು ಸಮಚಿಹ್ನೆ "ಕ್ಯಾಮೆರಾ". ಸಬ್‌ಸಿಸ್ಟಮ್, ಎಟಿಟಿಆರ್, ಮೋಡ್, ಗ್ರೂಪ್ ಪೂರ್ತಿ ದೊಡ್ಡಕ್ಷರ. ಐಡಿವೆಂಡರ್‌ನಲ್ಲಿ ವಿ ಮಾತ್ರ, ಐಡಿಪ್ರಾಡಕ್ಟ್‌ನಲ್ಲಿ ಪಿ ಮಾತ್ರ ದೊಡ್ಡದು. ಎಲ್ಲ ಬೆಲೆಗಳೂ ಉದ್ಧರಣ ಚಿಹ್ನೆಯ ಒಳಗೆ. ಸಂಖ್ಯೆಯಲ್ಲಿ ಬರುವ ಎ, ಬಿ, ಸಿ ಚಿಕ್ಕಕ್ಷರ.

ಸಮಚಿಹ್ನೆ ಎಣಿಸಿ. ಎರಡು ಇದ್ದರೆ "ಹೀಗಿದೆಯಾ ನೋಡು", ಒಂದಿದ್ದರೆ "ಹೀಗೆ ಮಾಡು". ಇದನ್ನು ಅದಲು ಬದಲು ಮಾಡಿದರೆ ನಿಯಮ ಕೆಲಸ ಮಾಡುವುದಿಲ್ಲ, ಮುಂದೆ ಬಂದು ಯಾರೂ ತಪ್ಪನ್ನು ಹೇಳುವುದೂ ಇಲ್ಲ.

ಉಳಿಸಿದ ಮೇಲೆ "ಸುಡೋ ಯುಡೆವ್‌ಎಡಿಎಂ ಕಂಟ್ರೋಲ್ --ರಿಲೋಡ್" ಕೊಡಿ. ಆಮೇಲೆ ಕ್ಯಾಮೆರಾ ಕೇಬಲ್ ಕಿತ್ತು ಮತ್ತೆ ಹಾಕಿ. ಎಲ್‌ಎಸ್‌ಯುಎಸ್‌ಬಿ ನೋಡಿ ಹೊಸ ಸಂಖ್ಯೆ ಹಿಡಿಯಿರಿ. ಎಲ್‌ಎಸ್ -ಎಲ್‌ನಲ್ಲಿ ಗುಂಪಿನ ಜಾಗದಲ್ಲಿ ರೂಟ್ ಹೋಗಿ ಕ್ಯಾಮೆರಾ ಬಂದಿರಬೇಕು.

ಬಂದಿದೆ, ಆದರೂ ಸಮರಿ ಆಗುತ್ತಿಲ್ಲ ಅಂದರೆ "ಐಡಿ" ಎಂಬ ಆದೇಶ ಕೊಟ್ಟು ನಿಮ್ಮ ಗುಂಪುಗಳನ್ನು ನೋಡಿ. ಹೊಸ ಗುಂಪು ಹೊಸ ಲಾಗಿನ್‌ಗೆ ಮಾತ್ರ ಸಿಗುತ್ತದೆ. ಹಳೆಯ ಎಸ್‌ಎಸ್‌ಎಚ್ ಮುಚ್ಚಿ ಮತ್ತೆ ಬನ್ನಿ. ಟಿಮಕ್ಸ್ (ಸಂಪರ್ಕ ಕಡಿದರೂ ಟರ್ಮಿನಲ್ ಉಳಿಸುವ ಪ್ರೋಗ್ರಾಂ) ಬಳಸುವವರು ಅದನ್ನೂ ಪೂರ್ತಿ ನಿಲ್ಲಿಸಿ ಹೊಸದಾಗಿ ಶುರು ಮಾಡಿ, ಯಾಕೆಂದರೆ ಅದರೊಳಗಿನ ಶೆಲ್ ಹಳೆಯ ಗುಂಪುಗಳಲ್ಲೇ ಇರುತ್ತದೆ.

ಸುಡೋದಲ್ಲೂ ಬರದಿದ್ದರೆ

ಇದು ಇನ್ನೊಂದು ಕಾರಣ. ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಆಗಿದ್ದು ಇದೇ. ಗ್ನೋಮ್‌ನಂಥ ಡೆಸ್ಕ್‌ಟಾಪ್‌ಗಳಲ್ಲಿ ಕ್ಯಾಮೆರಾ ಹಾಕಿದ ಕೂಡಲೇ ಜಿವಿಎಫ್‌ಎಸ್ ಎಂಬ ಹಿನ್ನೆಲೆಯ ಪ್ರೋಗ್ರಾಂ ಅದನ್ನು ಹಿಡಿದು ಫೈಲ್ ಮ್ಯಾನೇಜರ್‌ನಲ್ಲಿ ತೋರಿಸುತ್ತದೆ. ಒಂದು ಸಲಕ್ಕೆ ಒಬ್ಬರೇ ಹಿಡಿಯಬಹುದು. ಫೋಟೋ ನೋಡುವವರಿಗೆ ಅದು ಅನುಕೂಲ, ಜಿಫೋಟೋ2 ಓಡಿಸುವವರಿಗೆ ಅಡ್ಡಿ. "ಸುಡೋ ಫ್ಯೂಸರ್ -ವಿ" (ಫ್ಯೂಸರ್‌ನ ಅಕ್ಷರಗಳು ಎಫ್, ಯು, ಎಸ್, ಇ, ಆರ್) ಆದೇಶಕ್ಕೆ ಆ ಯುಎಸ್‌ಬಿ ಫೈಲಿನ ದಾರಿ ಕೊಟ್ಟರೆ ಹಿಡಿದವರ ಹೆಸರು ಬರುತ್ತದೆ. ಜಿವಿಎಫ್‌ಎಸ್ ಆಗಿದ್ದರೆ ಫೈಲ್ ಮ್ಯಾನೇಜರ್‌ನಲ್ಲಿ ಕ್ಯಾಮೆರಾದ ಪಕ್ಕದ ಅನ್‌ಮೌಂಟ್ ಒತ್ತಿ, ಅಥವಾ "ಜಿಐಒ ಮೌಂಟ್ -ಎಸ್ ಜಿಫೋಟೋ2" ಕೊಡಿ. ಡಿಜಿಕ್ಯಾಮ್ ತೆರೆದಿದ್ದರೆ ಮುಚ್ಚಿ. ಅನುಮತಿ ಎಷ್ಟು ತಿದ್ದಿದರೂ ಈ ತೊಂದರೆ ಹೋಗುವುದಿಲ್ಲ, ಅದಕ್ಕೇ ಮೊದಲೇ ಬೇರ್ಪಡಿಸಿ ಎಂದದ್ದು.

ಕೊನೆಗೆ ಮೇನ್ ಸ್ವಿಚ್

ಎಲ್ಲ ಸರಿಯಾದ ಮೇಲೆ ಅಕ್ಕನ ಮನೆಗೇ ಹೋದೆ. ಡೆಸ್ಕ್‌ಟಾಪ್‌ನ ಪರದೆ, ಕೀಬೋರ್ಡ್ ಎರಡನ್ನೂ ಬಿಚ್ಚಿ ತೆಗೆದಿಟ್ಟೆವು. ಯಂತ್ರವನ್ನು ಮೊದಲು ಸರಿಯಾಗಿ ಶಟ್‌ಡೌನ್ ಮಾಡಿ, ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿ ಐದು ನಿಮಿಷ ಬಿಟ್ಟು ಆನ್ ಮಾಡಿದೆವು. ನಾನು ಜಗಲಿಯಲ್ಲಿ ಕೂತು ಮೊಬೈಲ್‌ನಿಂದ ಎಸ್‌ಎಸ್‌ಎಚ್ ಮಾಡಿದೆ. ಲಾಗಿನ್‌ಸಿಟಿಎಲ್‌ನಲ್ಲಿ ಸೀಟ್0 ಇರಲಿಲ್ಲ. ಗೆಟ್‌ಎಫ್‌ಎಸಿಎಲ್‌ನಲ್ಲಿ ನನ್ನ ಹೆಸರಿರಲಿಲ್ಲ, ಕ್ಯಾಮೆರಾ ಗುಂಪಿಗೆ ಆರ್‌ಡಬ್ಲ್ಯೂ ಇತ್ತು. ಸಮರಿ ಬಂತು. ಒಳಗಿನ ಕೋಣೆಯಿಂದ ಶಟರ್‌ನ ಸದ್ದು ಕೇಳಿದಾಗ ಹುಡುಗ ಓಡಿ ಬಂದ.

"ಮಾವ, ನೀವೇ ಹೊಡೆದ್ರಾ?"

"ಹೌದು ಕಣೋ, ಇಲ್ಲಿಂದಲೇ."

ಈ ಪರೀಕ್ಷೆಯಲ್ಲಿ ಇನ್ನೆರಡು ಸಂಗತಿ ಗೊತ್ತಾದವು. ಕರೆಂಟ್ ಬಂದ ಮೇಲೆ ಯಂತ್ರ ತಾನಾಗಿ ಏಳಬೇಕಾದರೆ ಬಯಾಸ್‌ನಲ್ಲಿ (ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್‌ಗಳಿರುವ ಜಾಗ) ಅದಕ್ಕೆ ಸಂಬಂಧಿಸಿದ ಆಯ್ಕೆ ಆನ್ ಇರಬೇಕು. ನಮ್ಮದರಲ್ಲಿ ಇತ್ತು. ಇನ್ನು ಕ್ಯಾಮೆರಾ. ಬ್ಯಾಟರಿ ಜಾಗಕ್ಕೆ ಅಡಾಪ್ಟರ್ ಹಾಕಿ ಓಡಿಸುವವರು ಅದರ ಆನ್ ಆಫ್ ಹೇಗಿದೆ ನೋಡಿಕೊಳ್ಳಿ. ತಿರುಗಿಸುವ ಸ್ವಿಚ್ ಇದ್ದರೆ ಅದು ಆನ್‌ನಲ್ಲೇ ನಿಂತಿರುತ್ತದೆ, ಕರೆಂಟ್ ಬಂದಾಗ ಕ್ಯಾಮೆರಾವೂ ಏಳುತ್ತದೆ. ಒತ್ತುವ ಗುಂಡಿ ಇರುವ ಕ್ಯಾಮೆರಾವನ್ನು ಯಾರಾದರೂ ಹೋಗಿ ಒತ್ತಿಯೇ ಎಬ್ಬಿಸಬೇಕು, ಅಂಥದ್ದಕ್ಕೆ ಒಂದು ಸಣ್ಣ ಯುಪಿಎಸ್ ಇಡಿ.